ಬೆಣೆ ಸಾಹೇಬರ ಗೃಹಪ್ರವೇಶ

ಬೆಣೆ ಸಾಹೇಬರು ತೀರಿಕೊಂಡರು ಎಂದು ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬ ಹೇಳಿದಾಗ ನನಗೆ ಸಿಟ್ಟು ಬಂತು. ದುಃಖ ಆಮೇಲೆ, ಕಂಪ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಬಂತು. ಇಷ್ಟು ವರ್ಷ ನನ್ನನ್ನು ಕಾಯಿಸಿ, ಆಡಬೇಕಾಗಿದ್ದ ಒಂದೇ ಒಂದು ಮಾತನ್ನು ಆಡದೆ ಹೊರಟುಹೋದರಲ್ಲ ಎಂಬ ಸಿಟ್ಟು. ಬದುಕಿದ್ದಾಗಲೂ ಹಾಗೆಯೇ. ಯಾರಿಗೂ ಬೇಡವಾದಾಗ ಗಂಟೆಗಟ್ಟಲೆ ಕೊರೆಯುತ್ತಿದ್ದರು, ಬೇಕಾದಾಗ ತುಟಿ ಬಿಚ್ಚುತ್ತಿರಲಿಲ್ಲ.

ನಮ್ಮ ಇಲಾಖೆಯಲ್ಲಿ ಅವರು ಎಂಜಿನಿಯರು, ನಾನು ಅವರ ಕೈಕೆಳಗಿನ ಓವರ್‌ಸೀಯರು. ಕಾಲುವೆಯ ಸೇತುವೆ, ಗೋದಾಮು, ಕ್ವಾರ್ಟರ್ಸು, ಹೀಗೆ ಎಲ್ಲೆಲ್ಲಿ ಕಾಂಕ್ರೀಟು ಬೀಳುತ್ತಿತ್ತೋ ಅಲ್ಲೆಲ್ಲ ಅದು ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಹಲಗೆ, ಸರ್ವೆ ಮರದ ಕಂಬಗಳ ಉಸ್ತುವಾರಿ ನನ್ನಂಥ ಕೆಲವರದಾಗಿತ್ತು. ನಮ್ಮನ್ನು ಸೆಂಟ್ರಿಂಗ್ ಇನ್‌ಚಾರ್ಜ್ ಎನ್ನುತ್ತಿದ್ದರು. ಕಂಬದ ಬುಡಕ್ಕೆ ಮರದ ಬೆಣೆ ಬಡಿದರೆ ಕಂಬ ಬಿಗಿಯಾಗುತ್ತದೆ, ಬೆಣೆ ಸಡಿಲಿಸಿದರೆ ಇಳಿಯುತ್ತದೆ. ಅಂಥ ಬೆಣೆಯೊಂದು ಸಾಹೇಬರ ಪ್ಯಾಂಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಮೀಟಿಂಗಿನಲ್ಲಿ ಕೂತರೆ ತೊಡೆಗೆ ಚುಚ್ಚುತ್ತಿತ್ತು. ಆಗ ಎದ್ದು ನಿಂತು, ಅದನ್ನು ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಕೂರುತ್ತಿದ್ದರು. ದೊಡ್ಡ ಸಾಹೇಬರು ಮಾತಾಡುತ್ತಿದ್ದರೂ ಸರಿಯೆ, ಈ ಶಾಸ್ತ್ರ ತಪ್ಪುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ. ಅವರ ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು.

ಅವರು ನಮ್ಮ ಕೊರಳಿಗೆ ಕಟ್ಟಿದ ಪೀಡೆಯೆಂದರೆ ರಿಫ್ರೆಶರ್ ಕ್ಲಾಸು. ಕಾಲುವೆಗೆ ನೀರು ನಿಲ್ಲಿಸುವುದು ಬೇಸಗೆಯಲ್ಲಿ, ಅದೂ ಸ್ವಲ್ಪ ಕಾಲ. ನೀರು ಮತ್ತೆ ಬರುವಷ್ಟರಲ್ಲಿ ಸೇತುವೆ, ತೂಬು, ರಿಪೇರಿ ಎಲ್ಲ ಮುಗಿಯಬೇಕು. ಕಂಪ್ಲಿ ಕಡೆಯ ರೈತರು ಭತ್ತದ ಸಸಿಮಡಿಗೆ ನೀರಿಲ್ಲವೆಂದು ದಿನಾ ಆಫೀಸಿನ ಬಾಗಿಲಿಗೆ ಬರುವ ಕಾಲ ಅದು. ನಮಗೆ ಊಟ ಮಾಡಲು ಪುರಸೊತ್ತಿಲ್ಲದ ಅಂಥ ಹೊತ್ತನ್ನೇ ಹುಡುಕಿ ಈ ಪುಣ್ಯಾತ್ಮರು ಎಲ್ಲ ಇನ್‌ಚಾರ್ಜ್‌ಗಳನ್ನೂ ಹೊಸಪೇಟೆಗೆ ಕರೆಸಿ, ತಗಡಿನ ಶೆಡ್ಡಿನಲ್ಲಿ ಕೂರಿಸಿ, ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುತ್ತಿದ್ದರು. ಮಳೆಗಾಲದಲ್ಲಿ ಇಟ್ಟುಕೊಳ್ಳಬಾರದೇ ಎಂದು ಒಬ್ಬ ಕೇಳಿದ್ದಕ್ಕೆ, "ಮಳಿಗಾಲದಾಗ ಹೇಳಿದ್ದು ಬ್ಯಾಸಿಗ್ಯಾಗ ನೆನಪಿರತೈತೇನಲೇ ನಿನಗ? ಕುಂದ್ರು" ಎಂದರು.

ಕ್ಲಾಸಿನ ಮೊದಲ ಪಾಠದಲ್ಲಿ ನಮ್ಮಲ್ಲಿ ಒಬ್ಬ ಕಂಬ ಆಗಬೇಕಿತ್ತು. ಹೆಚ್ಚಾಗಿ ನನ್ನನ್ನೇ ಎಬ್ಬಿಸುತ್ತಿದ್ದರು. ನಾನು ಉದ್ದ, ಸಣಕಲು. ನಡುವೆ ನಿಲ್ಲಿಸಿ, ಎರಡೂ ಕೈ ಮೇಲೆತ್ತಿಸಿ, ಅಂಗೈ ಮೇಲೆ ಹಲಗೆ ಇಡುತ್ತಿದ್ದರು.

"ನೀ ಯಾರು?"

"ಓವರ್‌ಸೀಯರ್ ರೀ."

"ಅದು ಆಫೀಸಿನ್ಯಾಗ. ಈಗ ಯಾರು?"

"ಕಂಬ ರೀ."

ಹಲಗೆಯ ಮೇಲೆ ಒಂದೊಂದಾಗಿ ಇಟ್ಟಿಗೆ ಪೇರಿಸುತ್ತಿದ್ದರು. ಆಮೇಲೆ ನನ್ನ ಒಂದು ಕಾಲಿನ ಅಡಿಗೆ ಒದ್ದೆ ಗೋಣಿಚೀಲದ ಮುದ್ದೆ ತುರುಕಿ, ಸೊಂಟವನ್ನು ಒಂದು ಬೆರಳಿನಿಂದ ದೂಡುತ್ತಿದ್ದರು. ನಾನು ತೂರಾಡುತ್ತಿದ್ದೆ, ಇಡೀ ಶೆಡ್ಡು ನಗುತ್ತಿತ್ತು.

"ಹೆಂಗ ಅನಸಾಕತ್ತೈತಿ?"

"ವಾಲಾಕತ್ತೈತ್ರೀ, ಬೀಳತೀನ್ರೀ ಸಾಹೇಬ್ರ!"

"ಕೇಳ್ರಿ ಎಲ್ಲಾರೂ. ಇವಗ ಬಾಯಿ ಐತಿ, ಬೀಳತೀನಿ ಅಂದ. ಕಂಬಕ್ಕ ಬಾಯಿ ಇಲ್ಲ. ಅದರ ಬಾಯಿ ನೀವು." ಇಷ್ಟು ಹೇಳಿ, ನಾನು ಹಾಗೇ ಕೈಯೆತ್ತಿ ನಿಂತಿರುವಂತೆಯೇ, ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಇಟ್ಟಿಗೆ ಇಳಿಸಲು ಯಾರನ್ನಾದರೂ ನಾನೇ ಬೇಡಿಕೊಳ್ಳಬೇಕಿತ್ತು.

ಎರಡನೆಯ ಪಾಠ ಇನ್ನೂ ಘೋರವಾದ ನಾಟಕ. ಕಾಂಕ್ರೀಟು ಸುರಿಯಲು ಹೂಂ ಅನ್ನುವವನು, ಆಮೇಲೆ ಕಂಬ ಬಿಚ್ಚಲು ಹೂಂ ಅನ್ನುವವನು ಒಬ್ಬನೇ ಇರಬೇಕು, ಅವನೇ ಇನ್‌ಚಾರ್ಜು, ಅವನ ಮಾತಿನ ಮೇಲೆ ಇನ್ಯಾರ ಮಾತೂ ನಡೆಯಬಾರದು ಎಂಬುದು ಅದರ ಸಾರ. ಇದನ್ನು ಹೇಳಿ ಮುಗಿಸಿದರೆ ಆಗುತ್ತಿತ್ತು. ಆದರೆ ಸಾಹೇಬರು ಹೆಗಲಿಗೆ ಟವೆಲು ಹಾಕಿಕೊಂಡು ಕಂಟ್ರಾಕ್ಟರ್ ಆಗುತ್ತಿದ್ದರು, ತಲೆಗೆ ಟೋಪಿ ಇಟ್ಟು ಮಂತ್ರಿಯ ಕಡೆಯವರಾಗುತ್ತಿದ್ದರು. "ನಾಳೆ ಉದ್ಘಾಟನೆ ಐತಿ, ಜಲ್ದಿ ಕಂಬ ಬಿಚ್ಚಸು!" ಎಂದು ನಮ್ಮ ಮೂಗಿನ ಹತ್ತಿರ ಬಂದು ಗುಡುಗುತ್ತಿದ್ದರು. ನಾವು ಒಬ್ಬೊಬ್ಬರೇ ಎದ್ದು "ಆಗಂಗಿಲ್ರಿ" ಎನ್ನಬೇಕು. ಮೆಲ್ಲಗೆ ಅಂದರೆ ಮತ್ತೆ ಹೇಳಿಸುತ್ತಿದ್ದರು. ನಕ್ಕರೆ ಶೆಡ್ಡಿನ ಹೊರಗೆ, ಬಿಸಿಲಿಗೆ. "ನಾ ಬಂದು ಹೇಳಿದ್ರೂ ಕೇಳಬ್ಯಾಡ್ರಿ. ನಮ್ಮಪ್ಪ ಎದ್ದು ಬಂದು ಹೇಳಿದ್ರೂ ಕೇಳಬ್ಯಾಡ್ರಿ" ಎಂದು ಕೊನೆಗೆ ಒಂದು ಸಮಾಪ್ತಿ. ನಟನೆ ಎಷ್ಟು ಕೆಟ್ಟದಾಗಿತ್ತೆಂದರೆ, ಯಾವ ಪಾತ್ರ ಮಾಡಿದರೂ ಅವರು ಅವರೇ ಆಗಿರುತ್ತಿದ್ದರು.

ಒಂದು ವರ್ಷ ಕ್ಲಾಸನ್ನು ಹಂಪಿಗೆ ಒಯ್ದರು. ಮೇ ತಿಂಗಳ ಬಿಸಿಲು. ಬಜಾರಿನ ಕಲ್ಲುಮಂಟಪಗಳ ಸಾಲಿನ ಮುಂದೆ ನಮ್ಮನ್ನು ನಿಲ್ಲಿಸಿ, "ಏನು ಕಾಣತೈತಿ?" ಎಂದು ಕೇಳಿದರು. ಒಬ್ಬ ಮಂಟಪ ಅಂದ, ಒಬ್ಬ ಕಲ್ಲು ಅಂದ, ನಾನು ಕಬ್ಬಿನ ಹಾಲಿನ ಗಾಡಿ ಅಂದೆ. "ಈ ತೊಲಿ ಮ್ಯಾಲ ಏರಿಸಿದಾಗ ಕೆಳಗ ಏನು ಆನಿಕಿ ಇಟ್ಟಿದ್ರು? ಯಾರಿಗರ ಗೊತ್ತೈತೇನು? ಇಲ್ಲ. ಕೆಲಸ ಮುಗದ ಮ್ಯಾಲ ನಮ್ಮ ಕೆಲಸ ಯಾರಿಗೂ ಕಾಣಂಗಿಲ್ಲ. ಅದನ್ನ ತಿಳ್ಕೊಂಡು ಇರ್ರಿ" ಎಂದರು. ಅಷ್ಟೇ ಪಾಠ. ಅದಕ್ಕಾಗಿ ನಮ್ಮನ್ನು ಲಾರಿಯಲ್ಲಿ ಕುಳ್ಳಿರಿಸಿ ಅಲ್ಲಿಗೆ ಒಯ್ದಿದ್ದರು. ಕಬ್ಬಿನ ಹಾಲು ಮಾತ್ರ ಕುಡಿಸಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಕಂಪ್ಲಿ ದಾರಿಯ ಒಂದು ಕಾಲುವೆ ಸೇತುವೆಯಲ್ಲಿ ಅವರು ನನಗೆ ಕೊಟ್ಟ ಕಾಟವನ್ನು ನಾನು ಇವತ್ತಿಗೂ ಮರೆತಿಲ್ಲ. ನೀರು ನಿಂತ ಕಾಲುವೆಯ ತಳ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಮೇಲೆ ನಡೆದರೆ ಕಲ್ಲಿನಂತೆ ಗಟ್ಟಿ. ನಾವು ಅದರ ಮೇಲೆಯೇ ಕಂಬಗಳನ್ನು ನಿಲ್ಲಿಸಿದ್ದೆವು. ಮಾರನೆಯ ದಿನ ಕಾಂಕ್ರೀಟು, ಆಳುಗಳಿಗೆ ಹೇಳಿಯಾಗಿತ್ತು. ಸಾಹೇಬರು ಜೀಪಿನಿಂದ ಇಳಿದವರೇ ಗಡಾರಿ ತರಿಸಿ ಬಿರುಕಿಗೆ ಚುಚ್ಚಿದರು. ಮೇಲಿನ ಹೆಕ್ಕಳಿಕೆ ಒಡೆದು ಗಡಾರಿ ಕೆಳಗಿನ ಹಸಿ ರಾಡಿಯೊಳಗೆ ಇಳಿಯಿತು. ಅಕ್ಕಪಕ್ಕದ ಗದ್ದೆಗಳ ಹಳೆಯ ತೇವ ಒಳಗೊಳಗೇ ಜಿನುಗುತ್ತಿತ್ತಂತೆ. ಎಲ್ಲ ಬಿಚ್ಚಿ, ಬುಡಕ್ಕೆ ದಪ್ಪ ಹಲಗೆ ಹಾಸಿ, ಮತ್ತೆ ಕಟ್ಟಿ ಎಂದರು. ಅದೇ ಹೊತ್ತಿಗೆ ಎರಡು ಕಂಬಗಳ ನಡುವೆ ಆಳಿನ ಹೆಂಗಸೊಬ್ಬಳು ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ್ದು ಅವರ ಕಣ್ಣಿಗೆ ಬಿತ್ತು. ಇನ್ನು ಕೇಳಬೇಕೆ. ಮಗುವನ್ನು ತಾವೇ ಎತ್ತಿಕೊಂಡು, ಜೋಲಿಯನ್ನು ಬೇವಿನ ಗಿಡಕ್ಕೆ ಕಟ್ಟಿಸಿದರು. ಮಗು ಎಚ್ಚರಾಗಿ ಕಿರುಚಿತು. ಅದನ್ನು ಎದೆಗೆ ಒತ್ತಿಕೊಂಡು ಕುಣಿಸುತ್ತ, ನಮ್ಮನ್ನು ಬೈಯುತ್ತ, ಅವರು ಕಾಲುವೆ ದಂಡೆಯ ಮೇಲೆ ಓಡಾಡಿದರು. ಜೇಬಿನ ಬೆಣೆಯನ್ನು ಅದರ ಕೈಗೆ ಕೊಟ್ಟ ಮೇಲೆ ಅದು ಸುಮ್ಮನಾಯಿತು.

ನಾವು ಇಡೀ ಸೆಂಟ್ರಿಂಗನ್ನು ಬಿಚ್ಚಿ ಮತ್ತೆ ಕಟ್ಟಿದೆವು. ನೀರು ಬರುವ ದಿನ ಹತ್ತಿರವಾಗಿ ನನಗೆ ನಿದ್ದೆ ಇಲ್ಲದಂತಾಯಿತು. ಸೇತುವೆಗೆ ಏನೂ ಆಗಲಿಲ್ಲ. ಬಿಚ್ಚದಿದ್ದರೂ ಏನೂ ಆಗುತ್ತಿರಲಿಲ್ಲವೇನೋ! ಈ ಮನುಷ್ಯನೊಂದಿಗೆ ವಾದ ಮಾಡುವುದರ ಕಷ್ಟವೇ ಇದು. ಬೀಳದೆ ಉಳಿದದ್ದನ್ನು ತೋರಿಸಿ ನೀವು ಹೇಳಿದ್ದು ಸರಿ ಎನ್ನಲೂ ಬರುವುದಿಲ್ಲ, ತಪ್ಪು ಎನ್ನಲೂ ಬರುವುದಿಲ್ಲ.

ಇಂಥವರು ಸ್ವಂತ ಮನೆ ಕಟ್ಟಿಸಲು ಹೊರಟರು. ಹೊಸಪೇಟೆಯ ಹೊರಗಿನ ಹೊಸ ಬಡಾವಣೆಯಲ್ಲಿ ಸೈಟು. ನನ್ನನ್ನು ಕರೆದು, ಸ್ಲ್ಯಾಬಿನ ಇನ್‌ಚಾರ್ಜು ನೀನೇ ಎಂದರು.

"ನೀವ ಇದ್ದೀರಲ್ರೀ ಸಾಹೇಬ್ರ, ನಾ ಯಾಕ?"

"ಮನಿ ಮಾಲಕ ಇನ್‌ಚಾರ್ಜ್ ಆಗಬಾರ್ದಲೇ. ಮಾಲಕಗ ಅವಸರ ಇರತೈತಿ."

ಅವಸರ ಇದ್ದದ್ದು ಅವರ ತಾಯಿಯ ಕಾರಣಕ್ಕೆ. ಮರಿಯಮ್ಮನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಆಕೆ ಹುಟ್ಟಿ, ಅಂಥದೇ ಇನ್ನೊಂದು ಹಳ್ಳಿಗೆ ಸೊಸೆಯಾಗಿ ಬಂದವರು. ಎರಡೂ ಕಡೆ ಮಣ್ಣಿನ ಮಾಳಿಗೆಯ ಮನೆಗಳು. ಕಟ್ಟಿಗೆಯ ತೊಲೆ, ಅದರ ಮೇಲೆ ಅಡ್ಡ ಹಲಗೆ, ಅದರ ಮೇಲೆ ಮಣ್ಣು. ಮಾಳಿಗೆಯ ಮೇಲೆ ಬೆಕ್ಕು ನಡೆದರೂ ಕೆಳಗೆ ಹಿಟ್ಟಿಗೆ, ಹಾಸಿಗೆಗೆ, ತೊಟ್ಟಿಲಿಗೆ ಮಣ್ಣು ಉದುರುವುದು. ಮಗ ದೊಡ್ಡ ಸಾಹೇಬನಾದ ಮೇಲೂ ಆಕೆ ಊರು ಬಿಟ್ಟಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ಕ್ವಾರ್ಟರ್ಸಿಗೆ ಕರೆತಂದಿದ್ದರು. ಅದಕ್ಕೆ ಹೆಂಚಿನ ಹೊದಿಕೆ, ಗಾಳಿ ಬಂದರೆ ಅಲ್ಲೂ ಧೂಳು. ನಾನು ಹೋದಾಗಲೆಲ್ಲ ಆಕೆ ಕೇಳುತ್ತಿದ್ದದ್ದು ಒಂದೇ. "ಸ್ಲ್ಯಾಬ್ ಹಾಕಿದ್ರ ಮಣ್ಣು ಉದುರಂಗಿಲ್ಲ ಹೌದಲ್ಲೋ ತಮ್ಮಾ? ಅದರ ಕೆಳಗ ಒಂದು ದಿನ ಮಕ್ಕೋಬೇಕು ನಾ."

ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಸಾಹೇಬರಿಗೆ ಇಲಾಖೆಯ ಚೀಲವೊಂದನ್ನೂ ಮುಟ್ಟದ ಹಟ. ಪರ್ಮಿಟ್ ತಡವಾಗಿ ಬಂತು, ಬಂದ ಸಿಮೆಂಟು ಯಾವುದೋ ಗೋದಾಮಿನಲ್ಲಿ ಕೂತು ಗಂಟುಕಟ್ಟಿತ್ತು. ಜರಡಿ ಹಿಡಿದು ಬಳಸಿದೆವು. "ಹಳೇ ಸಿಮೆಂಟು. ಕಂಬ ಭಾಳ ದಿನ ಇರಬೇಕು" ಎಂದು ಅವರೇ ಹೇಳಿದರು. ಸ್ಲ್ಯಾಬು ಹಾಕಿದ ಮುಂದಿನ ವಾರವೇ ತಾಯಿಯ ಸ್ಥಿತಿ ಕೈಮೀರಿತು. ಡಾಕ್ಟರು ಇನ್ನು ಕೆಲವು ದಿನ ಎಂದರು. ಅಯ್ಯನೋರನ್ನು ಕೇಳಿ, ಸಿಕ್ಕ ಮೊದಲ ಮುಹೂರ್ತಕ್ಕೆ ಗೃಹಪ್ರವೇಶ ಇಟ್ಟರು.

ಆ ಸಂಜೆ ಸೈಟಿನಲ್ಲಿ ನಾನು ಸ್ಲ್ಯಾಬಿಗೆ ನೀರು ಕಟ್ಟಿಸುತ್ತಿದ್ದೆ. ಸಾಹೇಬರು ಸುತ್ತಿಗೆ ಹಿಡಿದು ಬಂದರು.

"ಪೂರಾ ಬ್ಯಾಡ. ಒಳಗಿನ ಖೋಲಿ ಒಂದರ ಕಂಬ ಬಿಚ್ಚಸು. ಅವ್ವನ ಅಲ್ಲಿ ಮಲಗಸ್ತೀನಿ. ಮ್ಯಾಲ ನೋಡಲಿ."

"ಆಗಂಗಿಲ್ರೀ ಸಾಹೇಬ್ರ."

"ನಾ ಕ್ಲಾಸಿನ ನಾಟಕ ಮಾಡಾಕತ್ತಿಲ್ಲಲೇ."

"ಗೊತ್ತೈತ್ರೀ."

"ಅಕಿ ಉಳಿಯಂಗಿಲ್ಲ."

"ಅಕಿನ್ನ ಅದರ ಕೆಳಗ ಮಲಗಸ್ತೀನಿ ಅಂತೀರಲ್ರೀ. ಸಿಮೆಂಟ್ ಎಂಥಾದ್ದು ಅಂತ ನಿಮಗ ಗೊತ್ತೈತಿ. ಆಗಂಗಿಲ್ರಿ."

ಅವರು ನನ್ನನ್ನೇ ನೋಡಿದರು. ಮುಖ ಬೆವರಿತ್ತು. "ನೀ ಮನಶಾ ಅದೀಯೋ, ಕಂಬ ಅದೀಯೋ?" ಎಂದರು. ನನ್ನನ್ನು ಕಂಬ ಮಾಡಿದ್ದು ನೀವೇ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರ ಮನೆ, ಅವರ ಕೈಯಲ್ಲಿ ಸುತ್ತಿಗೆ. ಒಂದು ಏಟು ಹಾಕಿದ್ದರೆ ತಡೆಯುವ ಧೈರ್ಯ ನನಗೆ ಇರಲಿಲ್ಲ. ಅವರು ಒಳಗೆ ಹೋಗಿ ಆ ಖೋಲಿಯ ಕಂಬಗಳ ನಡುವೆ ಕುಕ್ಕರಗಾಲಲ್ಲಿ ಕೂತರು. ನನಗೂ, ನನ್ನ ಮನೆತನಕ್ಕೂ, ನನಗೆ ನೌಕರಿ ಕೊಟ್ಟವರಿಗೂ ಬೈದರು. ಬೈಯುತ್ತಲೇ ಒಂದು ಕಂಬವನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಅದರ ಬೆಣೆ ಸಡಿಲಾಗಿತ್ತು. ಬೈಗುಳ ನಿಲ್ಲಿಸದೆಯೇ ಅದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿ, ಸುತ್ತಿಗೆಯನ್ನು ಅಲ್ಲೇ ಬಿಸಾಕಿ ಹೋದರು.

ಗೃಹಪ್ರವೇಶ ಕಂಬಗಳ ಕಾಡಿನಲ್ಲಿ ನಡೆಯಿತು. ಹಲಗೆಯ ಕೆಳಗೆ ಬೆಂಕಿ ಬೇಡ ಎಂದು ನಾನು ಹಟ ಹಿಡಿದದ್ದರಿಂದ ಹಾಲನ್ನು ಅಂಗಳದಲ್ಲಿ ಉಕ್ಕಿಸಿದರು. ಮೈಸವರಿಕೊಂಡು ನುಸುಳುವಾಗ ಹೆಂಗಸರ ಜರಿ ಸೀರೆಗಳು ಮೊಳೆಗೆ ಸಿಕ್ಕವು. ಎಲ್ಲರೂ ನನ್ನ ಕಡೆ ನೋಡಿ ಹಲ್ಲು ಕಚ್ಚಿದರು. ಪದ್ಧತಿಯಂತೆ ಆಕಳನ್ನು ಒಳಗೆ ತಂದರು. ಅದು ಹಾಲ್‌ನ ನಡುವಿನ ಕಂಬಕ್ಕೆ ಕುತ್ತಿಗೆ ತಿಕ್ಕಲು ಶುರು ಮಾಡಿತು. ಸಾಹೇಬರು ರೇಷ್ಮೆ ಧೋತ್ರದಲ್ಲೇ ಓಡಿಬಂದು ಕಂಬವನ್ನು ತಬ್ಬಿಕೊಂಡರು. ಇನ್ನೊಂದು ಕಡೆಯಿಂದ ನಾನು ತಬ್ಬಿಕೊಂಡೆ. ನಮ್ಮ ಮುಖಗಳು ಗೇಣು ದೂರದಲ್ಲಿದ್ದವು.

ಕುರ್ಚಿಯಲ್ಲಿ ಕೂರಿಸಿ ತಾಯಿಯನ್ನು ತರಲು ಹೋದರೆ ಕುರ್ಚಿ ಕಂಬಗಳ ನಡುವೆ ತೂರಲಿಲ್ಲ. ಸಾಹೇಬರು ಆಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡ್ಡಡ್ಡಲಾಗಿ ತಿರುಗುತ್ತ ಒಳಖೋಲಿಗೆ ತಂದರು. ಆಕೆ ಮಗನ ತೋಳಿನಿಂದ ಮೇಲೆ ನೋಡಿದರು.

"ಇದೂ ಕಟಗೀ ಮಾಳಿಗೀನ ಕಟ್ಟಿಸಿಯಲ್ಲೋ, ಮಗನ."

"ಇಲ್ಲವ್ವ, ಅದರ ಮ್ಯಾಲ ಸ್ಲ್ಯಾಬ್ ಐತಿ. ಕಟಗಿ ಬಿಚ್ಚತೀವಿ."

"ಯಾವಾಗ?"

ಸಾಹೇಬರು ನನ್ನ ಕಡೆ ನೋಡಿದರು. ಬಂದ ನೆಂಟರೆಲ್ಲ ನೋಡಿದರು. "ಇನ್ನೊಂದಿಷ್ಟು ದಿನ ರೀ ಅವ್ವಾರ" ಎಂದೆ. ಅಷ್ಟರಲ್ಲಿ ಯಾರ ಹೆಗಲು ತಾಗಿತೋ, ಹಲಗೆಯ ಸಂದಿನಿಂದ ಒಣಗಿದ ಸಿಮೆಂಟಿನ ಪುಡಿ ಚೂರು ಉದುರಿ ಆಕೆಯ ಹಣೆಯ ಮೇಲೆ ಬಿತ್ತು. ಆಕೆ ನಕ್ಕರು. "ಇಲ್ಲೂ ಉದುರತೈತಿ ತಗೋ" ಎಂದರು. ಸಾಹೇಬರು ತಮ್ಮ ಗಲ್ಲದಿಂದ ಅದನ್ನು ಒರೆಸಿದರು. ಕೈಗಳು ಖಾಲಿ ಇರಲಿಲ್ಲ.

ಆ ವಾರ ಮುಗಿಯುವುದರೊಳಗೆ ಆಕೆ ಕ್ವಾರ್ಟರ್ಸಿನ ಹೆಂಚಿನ ಕೆಳಗೆ ತೀರಿಕೊಂಡರು.

ಕಂಬ ಬಿಚ್ಚುವ ದಿನ ಬಂದಾಗ ನಾನೇ ಹೋದೆ. ಸಾಹೇಬರು ಅಂಗಳದಲ್ಲಿ ನಿಂತಿದ್ದರು. "ಬಿಚ್ಚಬಹುದೇನ್ರಿ?" ಎಂದು ಕೇಳಿದರು. "ಹೂಂ ರೀ" ಎಂದೆ. ಹಲಗೆಗಳು ಇಳಿದವು. ಸ್ಲ್ಯಾಬು ನುಣ್ಣಗೆ, ಒಂದು ಗೀರೂ ಇಲ್ಲದೆ ನಿಂತಿತ್ತು. ಆ ಖೋಲಿಯದನ್ನು ಮೊದಲೇ ಬಿಚ್ಚಿದ್ದರೂ ಹಾಗೆಯೇ ನಿಲ್ಲುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಅವರಿಗಾದರೂ ಗೊತ್ತಿತ್ತೇ? ಕೇಳಬೇಕೆಂದು ಎಷ್ಟು ಸಲ ಅಂದುಕೊಂಡೆ. ಆ ದಿನದಿಂದ ಅವರು ನನಗೆ ಲೇ ಅನ್ನುವುದನ್ನು ಬಿಟ್ಟರು. ಬರ್ರಿ, ಕುಂದ್ರಿ, ಹೋಗ್ರಿ. ಅಷ್ಟು ಮರ್ಯಾದೆ ಕೊಟ್ಟು ಯಾರೂ ನನ್ನನ್ನು ಅಷ್ಟು ನೋಯಿಸಿಲ್ಲ. ರಿಫ್ರೆಶರ್ ಕ್ಲಾಸು ಅವರು ರಿಟೈರ್ ಆಗುವವರೆಗೂ ನಡೆಯಿತು, ಅದೇ ಟವೆಲು, ಅದೇ ಟೋಪಿ. ಆದರೆ ಕಂಬವಾಗಲು ನನ್ನನ್ನು ಮತ್ತೆ ಎಬ್ಬಿಸಲಿಲ್ಲ. ನೀನು ಮಾಡಿದ್ದು ಸರಿ ಅನ್ನಲಿಲ್ಲ. ತಪ್ಪು ಅಂತಾದರೂ ಅಂದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆ. ಅದಕ್ಕೂ ಜಾಗ ಕೊಡಲಿಲ್ಲ, ಆ ಮನುಷ್ಯ!

ಸಾವಿನ ಸುದ್ದಿ ತಿಳಿದ ಕೆಲವು ದಿನಗಳ ನಂತರ ಮಾತಾಡಿಸಲು ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಹಾಲ್‌ನಲ್ಲಿ ಕೂರಿಸಿ ನೀರು ತಂದುಕೊಟ್ಟರು. ಕೊನೆಯ ತಿಂಗಳುಗಳಲ್ಲಿ ಸಾಹೇಬರು ಆ ಒಳಖೋಲಿಯಲ್ಲೇ ಮಲಗಿದ್ದರಂತೆ.

"ನಿಮ್ಮ ಮ್ಯಾಲಿನ ಸಿಟ್ಟು ಕಡೀತನಕ ಹೋಗಲಿಲ್ಲ ನೋಡ್ರಿ" ಎಂದರು ಆಕೆ. ಮುಚ್ಚುಮರೆ ಇಲ್ಲದ ಹೆಂಗಸು. "ಮ್ಯಾಲ ನೋಡಿದಾಗೊಮ್ಮೆ ಅನ್ನೋರು. ನಮ್ಮವ್ವಗ ಇದನ್ನ ತೋರಸಲಿಲ್ಲ ಅವ, ಅಂತ."

ನಾನು ಲೋಟ ಕೆಳಗಿಟ್ಟೆ. ಏಳಬೇಕೆನ್ನಿಸಿತು.

"ಕುಂದ್ರಿ, ಇನ್ನೂ ಐತಿ. ಮಗಳು ಸಂಡೂರಿನ್ಯಾಗ ಮನಿ ಕಟ್ಟಸಾಕತ್ಯಾಳ. ಮುಂದಿನ ತಿಂಗಳ ಸ್ಲ್ಯಾಬು. ಅದಕ್ಕ ಅವನ್ನ ಬಿಟ್ಟು ಇನ್ಯಾರನ್ನೂ ನಿಲ್ಲಸಬ್ಯಾಡ್ರಿ ಅಂತ ನನ್ನ ಕಡೆ ಮಾತು ತಗೊಂಡಾರ."

ನನಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿತು, ಅದರ ಜೊತೆಗೆ ಸಿಟ್ಟೂ ಬಂತು. "ಇಷ್ಟು ಮಾತು ನನ್ನ ಮುಂದ ಆಡಿದ್ರ ಏನ್ ಗಂಟು ಹೋಗತಿತ್ರೀ ಅಮ್ಮಾರ ಅವರದು?" ಎಂದುಬಿಟ್ಟೆ.

"ನಾನೂ ಅದನ್ನ ಕೇಳಿದೆ. ಅದಕ್ಕ ಉತ್ತರ ಹೇಳಲಿಲ್ಲ" ಎಂದರು ಆಕೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಆ ಮನಿ ಗೃಹಪ್ರವೇಶದ ದಿನ ಅಯ್ಯನೋರನ್ನ ಕೇಳಿ ಇಡಬ್ಯಾಡ್ರಿ, ಅವನ್ನ ಕೇಳಿ ಇಡ್ರಿ, ಅಂದ್ರು."